ಯಾವ ಕಾಲದ ಜೀಪು ಬೇಕು ನಿಮಗೆ?

ಹೋದ ತಿಂಗಳು ಊರಲ್ಲೊಂದು ಗೃಹಪ್ರವೇಶ. ಅಕಾಲದಲ್ಲಿ ಮಳೆ ಬಿದ್ದು ಮಣ್ಣಿನ ರಸ್ತೆಯೆಲ್ಲ ಕೆಸರು. ಕಾರು ಹೋಗೋದು ಕಷ್ಟ ಅಂತ ನಮ್ಮನೆಯ ಹಳೇ ಜೀಪಿನಲ್ಲೇ ಹೋಗಿದ್ದೆವು. ಊಟ ಮುಗಿಸಿ ಎಲೆ ಅಡಿಕೆ ಹಾಕ್ತಾ ನಿಂತಿದ್ದಾಗ, ಬೆಂಗಳೂರಿನಿಂದ ಬಂದಿದ್ದ ನೆಂಟರೊಬ್ಬರು ಜೀಪಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ಮೊಬೈಲಿನಲ್ಲಿ ಹತ್ತಾರು ಫೋಟೋ ತೆಗೆದರು. "ಎಷ್ಟನೇ ಇಸವಿ?" ಅಂದರು. "1972" ಅಂದೆ. ಮುಖ ಅರಳಿತು. ಬಾನೆಟ್ ಎತ್ತಿ ನೋಡಬಹುದಾ ಅಂತ ಕೇಳಿದರು. ಎತ್ತಿದೆ. ಅರಳಿದ ಮುಖ ಅಲ್ಲೇ ಬಾಡಿತು.

"ಅಯ್ಯೋ, ಎಂಜಿನ್ ಒರಿಜಿನಲ್ ಅಲ್ವಾ? ಡೀಸೆಲ್ ಹಾಕಿ ಹಾಳು ಮಾಡಿಬಿಟ್ಟಿದ್ದೀರಲ್ರೀ!"

ನಾನು ಸುಮ್ಮನೆ ನಕ್ಕೆ. ಅವರ ಮೇಲೆ ಸಿಟ್ಟೇನೂ ಬರಲಿಲ್ಲ. ಯಾಕೆಂದರೆ ನಾಲ್ಕೈದು ವರ್ಷದ ಹಿಂದೆ ನಾನೂ ಇದೇ ಮಾತು ಆಡ್ತಿದ್ದೆ. ಆಡೋದಷ್ಟೇ ಅಲ್ಲ, ಆ 'ಹಾಳು' ಸರಿಮಾಡೋಕೆ ಅಂತ ದುಡ್ಡಿನ ಅಡ್ವಾನ್ಸ್ ಕೂಡ ಕೊಟ್ಟಿದ್ದೆ! ಆ ಕಥೆಯನ್ನು ಹೇಳಿ, ನನ್ನ ತಲೆಯಲ್ಲಿ ಕೊರೀತಾ ಇರೋ ಒಂದು ಪ್ರಶ್ನೆಯನ್ನೂ ನಿಮ್ಮ ಮುಂದೆ ಇಡೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಕಾಫಿ ಇಟ್ಟುಕೊಂಡು ಕೂತ್ಕೊಳ್ಳಿ.

ಮೊದಲು ಜೀಪಿನ ಜಾತಕ.

ನಮ್ಮದು ಮಹೀಂದ್ರ ಸಿಜೆ-3ಬಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ 1941ರಿಂದ 45ರವರೆಗೆ ತಯಾರಾದ ವಿಲ್ಲಿಸ್ ಜೀಪು ಇದರ ಅಜ್ಜ. ಯುದ್ಧ ಮುಗಿದ ಮೇಲೆ ಅದೇ ಜೀಪನ್ನು ರೈತರಿಗೆ, ಎಸ್ಟೇಟಿನವರಿಗೆ ಮಾರೋಕೆ ಅಂತ ಸ್ವಲ್ಪ ಬದಲಾಯಿಸಿದರು. ಸಿಜೆ ಅಂದರೆ 'ಸಿವಿಲಿಯನ್ ಜೀಪ್', ನಾಗರಿಕರ ಜೀಪು. ಅತ್ತ ನಮ್ಮಲ್ಲಿ, 1945ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆ ಅಂತ ಶುರುವಾದ ಕಂಪನಿಯ ಹೆಸರು 'ಮಹೀಂದ್ರ ಅಂಡ್ ಮೊಹಮ್ಮದ್'. ದೇಶ ವಿಭಜನೆಯಾದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ಅಷ್ಟರಲ್ಲಾಗಲೇ ಅವರು ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸುವ ಕೆಲಸಕ್ಕೆ ಕೈ ಹಾಕಿದ್ದರು.

1953ರಲ್ಲಿ ಅಮೆರಿಕದಲ್ಲಿ ಸಿಜೆ-3ಬಿ ಬಂತು. ಅದರೊಳಗೆ 'ಹರಿಕೇನ್' ಅನ್ನೋ ಹೊಸ ಎಂಜಿನ್ನು. ಹಳೇ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನಲ್ಲೇ ಇದ್ದವು. ಇದರಲ್ಲಿ ಒಳಗೆಳೆದುಕೊಳ್ಳುವ ವಾಲ್ವನ್ನು ಮೇಲೆ ಹೆಡ್ಡಿಗೆ ತಂದರು, ಹೊರಹಾಕುವ ವಾಲ್ವು ಕೆಳಗೇ ಉಳಿಯಿತು. ಎಂಜಿನ್ನು ಎತ್ತರವಾಯಿತು, ಅದು ಹಿಡಿಸೋಕೆ ಬಾನೆಟ್ಟನ್ನೂ ಎತ್ತರ ಮಾಡಬೇಕಾಯಿತು. ಹಳೇ ಮಹೀಂದ್ರ ಜೀಪು ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವ ಆ ಚಪ್ಪಟೆ, ಎತ್ತರದ ಮೂತಿ ಹುಟ್ಟಿದ್ದು ಹೀಗೆ, ಚಂದ ಕಾಣಲಿ ಅಂತ ಅಲ್ಲ. ಅಮೆರಿಕದಲ್ಲಿ ಇದು 1968ಕ್ಕೇ ನಿಂತುಹೋಯಿತು. ನಮ್ಮಲ್ಲಿ ಮಾತ್ರ ಆಮೇಲೂ ಎಷ್ಟೋ ವರ್ಷ ಅದೇ ಮೂತಿಯ ಜೀಪುಗಳು ಬರ್ತಾನೇ ಇದ್ದವು.

ನಮ್ಮ ಜೀಪನ್ನು ಅಪ್ಪಯ್ಯ ಕೊಂಡಿದ್ದು 1981ರಲ್ಲಿ, ಚಿಕ್ಕಮಗಳೂರು ಕಡೆಯ ಕಾಫಿ ಎಸ್ಟೇಟಿನವರೊಬ್ಬರಿಂದ, ಸೆಕೆಂಡ್ ಹ್ಯಾಂಡ್. 2.2 ಲೀಟರಿನ ಪೆಟ್ರೋಲ್ ಹರಿಕೇನ್. ಏರು ರಸ್ತೆಯಲ್ಲಿ ಲೀಟರಿಗೆ ಆರೇಳು ಕಿಲೋಮೀಟರು ಕೊಟ್ಟರೆ ಪುಣ್ಯ ಅಂತ ಅಪ್ಪಯ್ಯ ಹೇಳ್ತಿದ್ದರು. ಅಡಿಕೆ ರೇಟು ಇಳಿದಾಗ ಜೀಪು ಚಪ್ಪರದ ಕೆಳಗೆ, ಏರಿದಾಗ ರಸ್ತೆಯಲ್ಲಿ. ಆರು ವರ್ಷ ಹೀಗೇ ನೋಡಿ, 1987ರಲ್ಲಿ ಪೆಟ್ರೋಲ್ ಎಂಜಿನ್ ಇಳಿಸಿ, ಆಗ ಮಹೀಂದ್ರದವರು ಫ್ರಾನ್ಸಿನ ಪ್ಯೂಜೋ ಕಂಪನಿಯ ಲೈಸೆನ್ಸಿನಲ್ಲಿ ಮಾಡ್ತಿದ್ದ 2112 ಸಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಮೂರು ಗೇರಿನ ಹಳೇ ಗೇರ್‌ಬಾಕ್ಸು ಹಾಗೇ ಉಳಿಯಿತು. ಆರ್‌ಟಿಓ ಆಫೀಸಿಗೆ ಅಲೆದು ಆರ್‌ಸಿ ಪುಸ್ತಕದಲ್ಲಿ ಪೆಟ್ರೋಲ್ ಅನ್ನೋದನ್ನು ಹೊಡೆಸಿ, ಡೀಸೆಲ್ ಅಂತ ಬರೆಸಿ, ಹೊಸ ಎಂಜಿನ್ ನಂಬರಿಗೆ ಸೀಲು ಹಾಕಿಸಿಕೊಂಡು ಬಂದರು. ಮಲೆನಾಡಿನಲ್ಲಿ ಆಗ ಹೀಗೆ ಮಾಡಿದವರು ಅವರೊಬ್ಬರೇ ಏನಲ್ಲ.

ಆಮೇಲಿನ 30 ವರ್ಷ ಈ ಜೀಪು ಏನೇನು ಹೊತ್ತಿತು ಅಂತ ಪಟ್ಟಿ ಮಾಡೋಕೆ ಹೋಗಲ್ಲ. ಗೊಬ್ಬರ, ಅಡಿಕೆ ಮೂಟೆ, ಹಸುವಿನ ಕರು, ಮದುವೆ ದಿಬ್ಬಣ, ಎರಡು ಮೂರು ಸಲ ಹೆರಿಗೆಗೆ ಹೊರಟ ಹೆಂಗಸರು... ಮಲೆನಾಡಿನವರಿಗೆ ಇದು ಗೊತ್ತಿರೋದೇ. 2017ರಲ್ಲಿ ಅಪ್ಪಯ್ಯನಿಗೆ ಹುಷಾರು ತಪ್ಪಿದ ಮೇಲೆ ಜೀಪು ಕೊಟ್ಟಿಗೆ ಸೇರಿತು. ಮರುವರ್ಷ ಅಪ್ಪಯ್ಯ ಹೋದರು. ಫಿಟ್‌ನೆಸ್ ಮುಗಿಯುವ ಹೊತ್ತಿಗೆ ಅಣ್ಣ ಹೇಗೋ ಒದ್ದಾಡಿ 2022ರವರೆಗೆ ಅಂತ ರಿನ್ಯೂ ಮಾಡಿಸಿದ್ದ ಕಾಗದ ಒಂದು ಮಾತ್ರ ಜೀವಂತ ಇತ್ತು.

2020ರ ಲಾಕ್‌ಡೌನಿನಲ್ಲಿ ನಾನು ಲ್ಯಾಪ್‌ಟಾಪು ಕಟ್ಟಿಕೊಂಡು ಊರಿಗೆ ಬಂದೆ. ಹಗಲು ಕಂಪನಿ ಕೆಲಸ, ಸಂಜೆ ಮಾಡೋಕೆ ಏನೂ ಇಲ್ಲ. ಕೊಟ್ಟಿಗೆಗೆ ಹೋಗಿ ನೋಡಿದರೆ ಜೀಪಿನ ಸೀಟಿನೊಳಗೆ ಇಲಿ ಸಂಸಾರ, ನೆಲದ ತಗಡಿನಲ್ಲಿ ಕಾಲು ತೂರುವಷ್ಟು ತೂತು. "ಇದನ್ನ ನಾನು ಸರಿ ಮಾಡ್ತೀನಿ" ಅಂದೆ. ತೋಟ ನೋಡಿಕೊಳ್ಳೋ ಅಣ್ಣ ನನ್ನ ಮುಖ ನೋಡಿ, "ಮಾಡು ಮಾರಾಯ, ಆದ್ರೆ ಗೊಬ್ಬರ ಹೊರೋ ಹಾಗೆ ಮಾಡು" ಅಂದ. ಆ ಮಾತು ಆಗ ನನಗೆ ಅರ್ಥ ಆಗಲಿಲ್ಲ.

ಕೆಲಸ ಶುರುವಾಗಿದ್ದೇ ಅವಮಾನದಿಂದ. ಎಡಗಡೆ ಹಿಂದಿನ ಚಕ್ರ ಬಿಚ್ಚೋಕೆ ಹೋದೆ. ನಟ್ಟು ಅಲ್ಲಾಡಲಿಲ್ಲ. ರಾತ್ರಿಯಿಡೀ ಡೀಸೆಲ್ ಹಾಕಿ ನೆನೆಸಿದೆ. ಮರುದಿನ ಸ್ಪ್ಯಾನರಿಗೆ ಕಬ್ಬಿಣದ ಪೈಪು ತೂರಿಸಿ ಮೇಲೆ ಹತ್ತಿ ನಿಂತೆ. ಫಟ್! ಸ್ಟಡ್ಡೇ ಮುರಿದು ಕೈಗೆ ಬಂತು. ಕೊಪ್ಪದ ಮೆಕ್ಯಾನಿಕ್ ಸಾಹೇಬರಿಗೆ ಫೋನ್ ಮಾಡಿದರೆ ಆ ಕಡೆಯಿಂದ ನಗು. "ತಮ್ಮಾ, ಹಳೇ ಜೀಪಿಗೆ ಎಡಗಡೆ ಚಕ್ರದ್ದು ಉಲ್ಟಾ ಥ್ರೆಡ್ಡು. ನೀನು ಬಿಚ್ಚಿದ್ದಲ್ಲ, ಟೈಟ್ ಮಾಡಿದ್ದು!" ಓಡುವಾಗ ಚಕ್ರ ತಿರುಗೋ ದಿಕ್ಕಿಗೆ ನಟ್ಟು ಸಡಿಲ ಆಗಬಾರದು ಅಂತ ವಿಲ್ಲಿಸ್ ಕಾಲದಲ್ಲಿ ಎಡಗಡೆಗೆ ಉಲ್ಟಾ ಥ್ರೆಡ್ ಇಡ್ತಿದ್ದರು. ಇಂಜಿನಿಯರಿಂಗ್ ಓದಿದ ನನಗೆ ಗೊತ್ತಿಲ್ಲ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಅವರಿಗೆ ಗೊತ್ತು. ಅವತ್ತಿನಿಂದ ಯಾವ ನಟ್ಟು ಮುಟ್ಟೋ ಮೊದಲೂ ಅವರನ್ನು ಕೇಳ್ತಿದ್ದೆ.

ಮೊದಲ ಮಳೆಗಾಲ ಪೂರ್ತಿ ಬಿಚ್ಚುವುದರಲ್ಲೇ ಹೋಯಿತು. ಸೀಟು, ನೆಲ, ವೈರಿಂಗು. ಬಿಚ್ಚಿದ್ದನ್ನೆಲ್ಲ ಹಾರ್ಲಿಕ್ಸ್ ಡಬ್ಬಗಳಲ್ಲಿ ತುಂಬಿ ಚೀಟಿ ಅಂಟಿಸಿದೆ. ಡ್ರೈವರ್ ಸೀಟಿನ ಕೆಳಗಿನ ಟ್ಯಾಂಕಿನಲ್ಲಿ ತುಕ್ಕಿನ ಕೆಸರು. ಸಣ್ಣ ಜಲ್ಲಿ, ಸೀಮೆಎಣ್ಣೆ ಹಾಕಿ, ಅಣ್ಣನೂ ನಾನೂ ಆ ಕಡೆ ಈ ಕಡೆ ಹಿಡಿದು ಮಗು ತೂಗಿದ ಹಾಗೆ ಒಂದು ಗಂಟೆ ತೂಗಿದೆವು. ನೆಲದ ತಗಡು ಕತ್ತರಿಸಿ ಹೊಸದು ಬೆಸೆಯೋದು ನನ್ನಿಂದ ಆಗಲಿಲ್ಲ. ಆರ್ಕ್ ವೆಲ್ಡಿಂಗ್ ಮಾಡೋಕೆ ಹೋಗಿ ಇದ್ದ ತೂತನ್ನು ಇನ್ನಷ್ಟು ದೊಡ್ಡದು ಮಾಡಿದೆ ಅಷ್ಟೇ. ತೆಳು ತಗಡಿಗೆ ಗ್ಯಾಸ್ ವೆಲ್ಡಿಂಗೋ ಮಿಗ್ಗೋ ಬೇಕು, ಅದಕ್ಕಿಂತ ಹೆಚ್ಚಾಗಿ ಪಳಗಿದ ಕೈ ಬೇಕು. ಟಿಂಕರಿಂಗಿನವರನ್ನು ಮನೆಗೇ ಕರೆಸಿದೆವು. ಡೀಸೆಲ್ ಪಂಪು, ನಾಝಲ್ಲುಗಳನ್ನು ಬಿಚ್ಚಿ ಶಿವಮೊಗ್ಗಕ್ಕೆ ಕಳಿಸಿದೆವು. ಅದು ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ, ಅದಕ್ಕೆ ಪ್ರೆಶರ್ ಅಳೆಯುವ ಬೆಂಚೇ ಬೇಕು.

ಈ ನಡುವೆ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು.

ಪಕ್ಕದ ಸೀಟಿನ ಕೆಳಗೆ ಟೂಲ್‌ಬಾಕ್ಸ್ ಇದೆಯಲ್ಲ, ಅದರ ಮುಚ್ಚಳದ ಒಳಮೈಯಲ್ಲಿ ಅಪ್ಪಯ್ಯ ಬಿಳಿ ಪೇಂಟಿನಲ್ಲಿ ಎಂಜಿನ್ ಆಯಿಲ್ ಬದಲಾಯಿಸಿದ ತಾರೀಕು, ಕಿಲೋಮೀಟರು ಬರೆದಿಡುತ್ತಿದ್ದರು. 1987ರಿಂದ ಶುರು. ಜಾಗ ಮುಗಿದಾಗ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ, ಅಡ್ಡಡ್ಡ. ನಾನದನ್ನು ಚಿಕ್ಕಂದಿನಿಂದ ನೋಡಿದ್ದೆ. ನೋಡಿ ನೋಡಿ ಅದು ಕಣ್ಣಿಗೆ ಬೀಳದ ಹಾಗೆ ಆಗಿತ್ತು. 'ಒರಿಜಿನಲ್' ಮಾಡುವ ಹುಮ್ಮಸ್ಸಿನಲ್ಲಿ ಬಿಡಿ ಭಾಗಗಳನ್ನೆಲ್ಲ ಸ್ಯಾಂಡ್ ಬ್ಲಾಸ್ಟಿಂಗಿಗೆ ಕಳಿಸಿದಾಗ ಮುಚ್ಚಳವೂ ಹೋಯಿತು. ವಾಪಸ್ ಬಂದಾಗ ಬೆಳ್ಳಿ ತಟ್ಟೆಯ ಹಾಗೆ ಹೊಳೀತಿತ್ತು. ನನಗೆ ಖುಷಿಯೋ ಖುಷಿ. ಅಮ್ಮ ಬಂದು ಅದನ್ನು ತಿರುಗಿಸಿ ನೋಡಿದರು. "ಇದರಲ್ಲಿ ಅವರು ಬರೆದದ್ದು ಇತ್ತಲ್ಲನಾ?" ಅಂದರು. ಅಷ್ಟೇ. ಬೈಯಲಿಲ್ಲ. ಒಳಗೆ ಹೋದರು.

ಒಂದು ಫೋಟೋ ಕೂಡ ತೆಗೆದಿಟ್ಟಿರಲಿಲ್ಲ ನಾನು. ಜೀಪಿನದ್ದು ಇನ್ನೂರು ಫೋಟೋ ಇತ್ತು, ಆ ಮುಚ್ಚಳದ್ದು ಒಂದೂ ಇಲ್ಲ.

ಎರಡನೇ ತಪ್ಪು ಬ್ರೇಕಿನದ್ದು. 2021ರ ಕೊನೆಗೆ ಎಂಜಿನ್ ಓಡ್ತು. ನನಗೆ ಪೇಂಟ್ ಮಾಡಿಸುವ ಅವಸರ. ಬ್ರೇಕು 'ಹಿಡೀತಿದೆ' ಅಂತ ಹಳೇ ವೀಲ್ ಸಿಲಿಂಡರುಗಳನ್ನೇ ಬಿಟ್ಟು, ರೆಡ್ ಆಕ್ಸೈಡ್ ಹೊಡೆಸಿ, ಮೇಲೆ ಪಾಚಿ ಹಸಿರು ಬಳಿಸಿದೆ. ಮಾರನೇ ದಿನ ಬೆಳಿಗ್ಗೆ ಒಳ್ಳೇ ಬೆಳಕಿನಲ್ಲಿ ಫೋಟೋ ತೆಗೆಯೋಣ ಅಂತ ತೋಟದ ಕಡೆ ಇಳಿಜಾರಿನಲ್ಲಿ ಹೊರಟೆ. ಅರ್ಧ ದಾರಿಯಲ್ಲಿ ಪೆಡಲ್ಲು ಮೆತ್ತಗಾಗಿ ನೆಲ ಮುಟ್ಟಿತು. ಈ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನು. ಒಂದು ಕಡೆ ರಬ್ಬರ್ ಹರಿದು ಆಯಿಲ್ ಸೋರಿದರೆ ನಾಲ್ಕೂ ಹೋದ ಹಾಗೆ. ಹ್ಯಾಂಡ್‌ಬ್ರೇಕು ಬೇರೆ, ಅದು ಚಕ್ರಕ್ಕಲ್ಲ, ಗೇರ್‌ಬಾಕ್ಸಿನ ಹಿಂದಿನ ಶಾಫ್ಟಿಗೆ ಹಿಡಿಯೋದು. ಅದನ್ನು ನಾನು ಇನ್ನೂ ಜೋಡಿಸಿಯೇ ಇರಲಿಲ್ಲ! ಒಂದನೇ ಗೇರಿನಲ್ಲಿದ್ದದ್ದು ಪುಣ್ಯ. ಎಡಕ್ಕೆ ಎಳೆದು ಧರೆಗೆ ಒರಗಿಸಿ ನಿಲ್ಲಿಸಿದೆ. ಕೆಳಗಡೆ ತಿರುವಿನಲ್ಲಿ ಅಣ್ಣನ ಮಗಳು ಸೈಕಲ್ ಹಿಡಿದು ನಿಂತಿದ್ದಳು.

ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ಹೊಸ ಪೇಂಟಿನ ಎಡಮೈ ಪೂರ್ತಿ ಗೀಚಿ ಹೋಗಿತ್ತು. ಅದನ್ನು ಇವತ್ತಿಗೂ ಸರಿ ಮಾಡಿಸಿಲ್ಲ, ಇರಲಿ ಅಂತ ಬಿಟ್ಟಿದ್ದೇನೆ.

ಇನ್ನು ಎಂಜಿನ್ನಿನ ವಿಷಯ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಅಂತಲೇ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. 50 ವರ್ಷ ದಾಟಿರಬೇಕು. ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. 20,000 ರೂಪಾಯಿ ಕಟ್ಟಿದರೆ 'ವಿಎ' ಅಕ್ಷರವಿರುವ ನಂಬರ್ ಪ್ಲೇಟು, 10 ವರ್ಷಕ್ಕೆ. ಇದನ್ನು ಓದಿದ ಕೂಡಲೇ ನನ್ನ ತಲೆ ಓಡಿತು. 2022ಕ್ಕೆ ನಮ್ಮ ಜೀಪಿಗೆ 50. ಅಪ್ಪಯ್ಯ ಹಾಕಿಸಿದ ಡೀಸೆಲ್ ಎಂಜಿನ್ ಇಳಿಸಿ, ಎಲ್ಲಾದರೂ ಒಂದು ಹಳೇ ಹರಿಕೇನ್ ಹುಡುಕಿ ಕೂರಿಸಿದರೆ ಜೀಪು 'ಮೂಲ ರೂಪ'ಕ್ಕೆ ಬಂದ ಹಾಗೆ. ಒಪ್ಪಿದರೂ ಒಪ್ಪಬಹುದು ಅನ್ನೋ ಲೆಕ್ಕಾಚಾರ ನನ್ನದು. ಗುಜರಿಯವರೊಬ್ಬರ ಹತ್ತಿರ ಒಂದು ಎಂಜಿನ್ನೂ ಸಿಕ್ಕಿತು. ಹತ್ತು ಸಾವಿರ ಅಡ್ವಾನ್ಸ್ ಕೊಟ್ಟು ಬಂದೆ.

ಸಾಹೇಬರಿಗೆ ಹೇಳಿದೆ. ಅವರು ಬೀಡಿ ಹಚ್ಚಿ, "ಹಾಕೋಣ, ಅದಕ್ಕೇನು. ಆದ್ರೆ ತಮ್ಮಾ, ಪೆಟ್ರೋಲ್ ಇಂಜನ್ ಈ ಜೀಪಲ್ಲಿ ಇದ್ದದ್ದು ಹದಿನೈದು ವರ್ಷ. ಡೀಸೆಲ್ ಇದ್ದದ್ದು ಮೂವತ್ತು ವರ್ಷಕ್ಕೂ ಮೇಲೆ. ಒರಿಜಿನಲ್ ಯಾವ್ದು ಈಗ?" ಅಂದರು.

ತಮಾಷೆಗೆ ಹೇಳಿದ್ದೋ ನಿಜವಾಗಿ ಕೇಳಿದ್ದೋ ಗೊತ್ತಿಲ್ಲ. ಆದರೆ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ. ಆವತ್ತು ಸಂಜೆ ಕೂತು ಆ ವಿಂಟೇಜ್ ನಿಯಮದ ಕೊನೆಯ ಸಾಲುಗಳನ್ನೂ ಓದಿದೆ. ವಿಎ ಪ್ಲೇಟು ಬಂದ ವಾಹನವನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಸಂಶೋಧನೆಗೆ, ಇಂಧನ ತುಂಬಿಸೋಕೆ, ರಿಪೇರಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಅಂದರೆ ಗೃಹಪ್ರವೇಶಕ್ಕೆ ಹೋಗುವ ಹಾಗಿಲ್ಲ, ಗೊಬ್ಬರ ತರುವ ಹಾಗಿಲ್ಲ! ಅಣ್ಣನಿಗೆ ಓದಿ ಹೇಳಿದೆ. "ನಿಂಗೆ ಫೋಟೋಕ್ಕೆ ಜೀಪ್ ಬೇಕು, ನಂಗೆ ಕೆಲಸಕ್ಕೆ ಬೇಕು. ನೀನು ಬೆಂಗಳೂರಿಗೆ ಹೋದ ಮೇಲೆ ಇದಕ್ಕೆ ಧೂಳು ಒರೆಸೋನು ಯಾರು?" ಅಂದ. ಒರಟಾಗಿ ಹೇಳಿದ, ಆದರೆ ಸುಳ್ಳು ಹೇಳಲಿಲ್ಲ.

ಹರಿಕೇನ್ ಕೈಬಿಟ್ಟೆ. ಹತ್ತು ಸಾವಿರವೂ ಹೋಯಿತು. ಡೀಸೆಲ್ ಎಂಜಿನ್ನನ್ನೇ ಪೂರ್ತಿ ಸರಿ ಮಾಡಿಸಿ, ನಾಲ್ಕೂ ವೀಲ್ ಸಿಲಿಂಡರು, ಮಾಸ್ಟರ್ ಸಿಲಿಂಡರು, ಪೈಪುಗಳನ್ನೆಲ್ಲ ಹೊಸದು ಹಾಕಿಸಿ, 2022ರ ಕೊನೆಗೆ ಅದೇ ಎಂವೈ ನಂಬರಿನಲ್ಲಿ, ಅದೇ ಡೀಸೆಲ್ ಅಂತ ಬರೆದ ಆರ್‌ಸಿಯಲ್ಲಿ, ಫಿಟ್‌ನೆಸ್ ಮಾಡಿಸಿದೆವು. ಮೊದಲು 600 ರೂಪಾಯಿ ಇದ್ದ ಫೀಸು ಆ ವರ್ಷದ ಏಪ್ರಿಲಿನಿಂದ 5,000 ಆಗಿತ್ತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಇಂಥ ಗಾಡಿಗಳಿಗೆ ಅದನ್ನು 10,000ಕ್ಕೆ ಏರಿಸಿದ್ದಾರೆ. 2027ರಲ್ಲಿ ನಮ್ಮ ಸರದಿ.

ಈಗ ನನ್ನ ಅಭಿಪ್ರಾಯ.

ಹಳೇ ವಾಹನ ಸರಿ ಮಾಡುವವರಲ್ಲಿ ಎರಡು ಪಂಗಡ ಕಾಣ್ತೇನೆ. ಒಂದು 'ಒರಿಜಿನಲ್' ಪಂಗಡ. ಬೋಲ್ಟಿನ ತಲೆಯ ಮೇಲಿನ ಅಕ್ಷರ ಕೂಡ ಫ್ಯಾಕ್ಟರಿಯದ್ದೇ ಇರಬೇಕು ಇವರಿಗೆ. ಇನ್ನೊಂದು 'ಮಾಡಿಫೈ' ಪಂಗಡ. ಟ್ರಾಕ್ಟರಿನಂಥ ಟೈರು, ಮುಂದೆ ಸಾಲು ಸಾಲು ಎಲ್‌ಇಡಿ ದೀಪ. ಎರಡನೆಯವರ ಬಗ್ಗೆ ಹೆಚ್ಚು ಹೇಳೋಕೇನೂ ಇಲ್ಲ. ಆರ್‌ಸಿಯಲ್ಲಿರುವ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನನ್ನ ತಕರಾರು ಮೊದಲನೆಯವರ ಜೊತೆ, ಯಾಕೆಂದರೆ ನಾನೂ ಆ ಪಂಗಡದವನೇ ಆಗಿದ್ದೆ.

ಒರಿಜಿನಲ್ ಅಂದರೆ ಏನು? ಫ್ಯಾಕ್ಟರಿ ಗೇಟಿನಿಂದ ಹೊರಬಂದ ಆ ಒಂದು ದಿನ ಮಾತ್ರವಾ? ಹಾಗಾದರೆ ಅದರ ನಂತರದ 50 ವರ್ಷ ಏನು, ಬರೀ ಸವೆತವಾ? ಪೇಂಟ್ ಉಜ್ಜುವಾಗ ನಾನೇ ನೋಡಿದ್ದೇನೆ. ಮೇಲೆ ಅಪ್ಪಯ್ಯನ ಬೂದು, ಅದರ ಕೆಳಗೆ ಎಸ್ಟೇಟಿನವರ ನೀಲಿ, ಅದರ ಕೆಳಗೆ ಫ್ಯಾಕ್ಟರಿಯ ಹಸಿರು. ನಾನು ಹಸಿರು ಆರಿಸಿಕೊಂಡೆ. ಅಂದರೆ ನನಗೆ ಗುರುತೇ ಇಲ್ಲದ, ನಮ್ಮನೆಯವರ್ಯಾರೂ ನೋಡದ ಒಂದು ಜೀಪನ್ನು ಆರಿಸಿಕೊಂಡೆ. ನನ್ನನ್ನು ಶಾಲೆಗೆ ಬಿಟ್ಟಿದ್ದು ಬೂದು ಜೀಪು. ಇವತ್ತು ಕೇಳಿದರೆ ಬೂದು ಬಣ್ಣವನ್ನೇ ಹೊಡೆಸುತ್ತಿದ್ದೆ.

ನಮ್ಮನೆ ಮಾಡಿಗೆ ಮುತ್ತಜ್ಜನ ಕಾಲದಲ್ಲಿ ಸೋಗೆ ಇತ್ತಂತೆ. ಅಜ್ಜ ಮಂಗಳೂರು ಹೆಂಚು ಹಾಕಿಸಿದರು. ಅಪ್ಪಯ್ಯ ಮಣ್ಣಿನ ನೆಲ ತೆಗೆಸಿ ಕಾವಿ ಹಾಕಿಸಿದರು. ಯಾರೂ ಬಂದು "ಹೆಂಚು ಹಾಕಿ ಮನೆ ಹಾಳು ಮಾಡಿದ್ರಿ, ಸೋಗೆ ಒರಿಜಿನಲ್" ಅನ್ನಲ್ಲ. ವಾಸದ ಮನೆ ಅಂದರೆ ಹಾಗೇ ಅಂತ ನಮಗೆ ಗೊತ್ತು. ಓಡೋ ಗಾಡಿಗೆ ಮಾತ್ರ ಯಾಕೆ ಬೇರೆ ನ್ಯಾಯ? ಜೀಪು ಅನ್ನೋದು ಹುಟ್ಟಿದ್ದೇ ಕೈಗೆ ಸಿಕ್ಕಿದ್ದರಲ್ಲಿ ರಿಪೇರಿ ಮಾಡಿಕೊಂಡು ಮುಂದೆ ಹೋಗೋಕೆ. ಹರಿಕೇನ್ ಎಂಜಿನ್ ಹಿಡಿಸೋಕೆ ವಿಲ್ಲಿಸ್‌ನವರೇ ಬಾನೆಟ್ ಎತ್ತರ ಮಾಡಲಿಲ್ಲವಾ? ಅವರು ಮಾಡಿದರೆ ವಿನ್ಯಾಸ, ಅಪ್ಪಯ್ಯ ಮಾಡಿದರೆ ಹಾಳು!

ಹಾಗಂತ ಒರಿಜಿನಲ್ ಪಂಗಡದವರದ್ದು ಪೂರ್ತಿ ತಪ್ಪು ಅಂತಲೂ ಅಲ್ಲ. ಯುದ್ಧಕಾಲದ ವಿಲ್ಲಿಸ್ ಒಂದು, ಅದರದ್ದೇ ಎಂಜಿನ್ ಸಮೇತ ನಿಮ್ಮ ಕೈಗೆ ಸಿಕ್ಕಿದೆ ಅಂದುಕೊಳ್ಳಿ. ದಯವಿಟ್ಟು ಅದಕ್ಕೆ ಡೀಸೆಲ್ ಹಾಕಬೇಡಿ. ಅಂಥವು ಕಡಿಮೆ, ಹಾಗೇ ಉಳಿಯಬೇಕು. ಅದನ್ನು ಉಳಿಸುವವರ ತಾಳ್ಮೆಗೆ ನನ್ನ ನಮಸ್ಕಾರ. ನನ್ನ ಜೀಪು ಹೊಗೆ ಬಿಡುತ್ತೆ ಅನ್ನೋದೂ ನಿಜ. ಪಂಪು, ನಾಝಲ್ ಸರಿ ಮಾಡಿಸಿದ ಮೇಲೆ ಕಡಿಮೆಯಾಗಿದೆ, ಆದರೆ ಇವತ್ತಿನ ಗಾಡಿಗೆ ಹೋಲಿಸಿದರೆ ಹೆಚ್ಚೇ. ವರ್ಷಕ್ಕೆ ಸಾವಿರ ಕಿಲೋಮೀಟರು ಓಡಿದರೆ ಹೆಚ್ಚು ಅನ್ನೋದು ನನ್ನ ಸಮಾಧಾನ, ಸಮರ್ಥನೆ ಅಲ್ಲ. ಏರ್‌ಬ್ಯಾಗು ಇಲ್ಲ, ಬಾಗಿಲೇ ಇಲ್ಲ. ಹೈವೇಗೆ ಇಳಿಸಲ್ಲ.

ನಾನು ಹೇಳೋದು ಇಷ್ಟೇ. ಸರಿ ಮಾಡೋಕೆ ಹೊರಡುವ ಮೊದಲು ಯಾವ ಕಾಲದ್ದಕ್ಕೆ ಸರಿ ಮಾಡ್ತಿದ್ದೀರಿ, ಯಾರಿಗೋಸ್ಕರ ಅಂತ ಕೇಳಿಕೊಳ್ಳಿ. ನಾನು ಕೇಳಿಕೊಳ್ಳದೆ ಹೊರಟೆ. ಅದಕ್ಕೇ ಅಪ್ಪಯ್ಯನ ಅಕ್ಷರ ಅಳಿಸಿದೆ, ಬ್ರೇಕಿಗಿಂತ ಮೊದಲು ಬಣ್ಣ ಹೊಡೆಸಿದೆ. ಎರಡೂ ಒಂದೇ ತಪ್ಪು ಅಂತ ಈಗ ಅನ್ನಿಸುತ್ತೆ. ಎರಡರಲ್ಲೂ ನನ್ನ ಕಣ್ಣು ಇದ್ದದ್ದು ನೋಡುವವರ ಮೇಲೆ, ಕೂರುವವರ ಮೇಲಲ್ಲ.

ಇಂಥ ಹುಚ್ಚು ನಿಮಗೂ ಇದ್ದರೆ, ನನ್ನ ಅನುಭವದಿಂದ ಐದು ಮಾತು:

1. ಮೊದಲು ಬ್ರೇಕು, ಆಮೇಲೆ ಸ್ಟೇರಿಂಗು, ಆಮೇಲೆ ಎಂಜಿನ್ನು, ಕಟ್ಟಕಡೆಗೆ ಬಣ್ಣ. ಬಣ್ಣದ ಆಸೆ ತಡೆಯೋಕೆ ಆಗಲ್ಲ ಅಂದರೆ ಮನೆ ಗೇಟಿಗೆ ಹೊಡೀರಿ.

2. ಚಾಸಿಸ್ ನಂಬರು ಇರುವ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ. ಆರ್‌ಟಿಓದಲ್ಲಿ ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೀತಾರೆ. ಅಕ್ಷರ ಸವೆದಿದ್ದರೆ ಕಥೆ ಮುಗೀತು.

3. ಬಿಚ್ಚುವ ಮೊದಲು ಫೋಟೋ. ಜೀಪಿನದ್ದಲ್ಲ, ಜೀಪಿನ ಮೇಲೆ ಯಾರಾದರೂ ಬರೆದದ್ದು, ಗೀಚಿದ್ದು, ಅಂಟಿಸಿದ್ದು, ತಂತಿ ಕಟ್ಟಿದ್ದು ಎಲ್ಲದರದ್ದು.

4. ಎಲ್ಲ ನಾನೇ ಮಾಡ್ತೀನಿ ಅನ್ನೋ ಹಟ ಬೇಡ. ಆದರೆ ಬೇರೆಯವರು ಮಾಡುವಾಗ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತುಕೊಳ್ಳಿ. ಸಾಹೇಬರಿಗೆ 70 ದಾಟಿದೆ, ಅವರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಜೀಪಿನ ಬಿಡಿ ಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಇವತ್ತಿಗೂ ಸಿಗುತ್ತೆ. ಉಲ್ಟಾ ಥ್ರೆಡ್ ಅಂತ ಫೋನಿನಲ್ಲಿ ನಕ್ಕು ಹೇಳುವವರು ಮುಂದೆ ಸಿಗಲ್ಲ.

5. ಇದರಲ್ಲಿ ಲಾಭ ಇದೆ ಅಂತ ಮನೆಯವರಿಗೆ ಹೇಳಬೇಡಿ. ಟೈರಿನಿಂದ ಹಿಡಿದು ಟಿಂಕರಿಂಗ್‌ವರೆಗೆ ನನಗೆ ಒಟ್ಟು ಒಂದು ಲಕ್ಷ ಎಂಬತ್ತು ಸಾವಿರ ಚಿಲ್ಲರೆ ಆಯಿತು. ಲೆಕ್ಕದ ಪುಸ್ತಕ ಹೆಂಡತಿಗೆ ಸಿಕ್ಕಿದ್ದು ಇನ್ನೊಂದು ಕಥೆ...

ಈಗ ಜೀಪು ಅಣ್ಣನ ಕೈಯಲ್ಲಿದೆ. ವಾರಕ್ಕೆರಡು ಸಲ ಗೊಬ್ಬರ ಹೊರುತ್ತೆ. ಹೊಸ ಹಸಿರು ಬಣ್ಣ ಆಗಲೇ ಅರ್ಧ ಎದ್ದಿದೆ. ಆಯಿಲ್ ಬದಲಾಯಿಸಿದಾಗಲೆಲ್ಲ ಆ ಮುಚ್ಚಳದಲ್ಲಿ ತಾರೀಕು ಬರೀತಾ ಇದ್ದೇವೆ, ಈವರೆಗೆ ಐದು ಸಾಲು ಆಗಿದೆ. ಅಪ್ಪಯ್ಯನ 30 ವರ್ಷ ಅದರಿಂದ ವಾಪಸ್ ಬರಲ್ಲ ಅನ್ನೋದು ಗೊತ್ತು.

ಗೃಹಪ್ರವೇಶದಲ್ಲಿ ಸಿಕ್ಕ ಆ ನೆಂಟರು ಹೊರಡುವಾಗ ಮಳೆ ಮತ್ತೆ ಶುರುವಾಗಿತ್ತು, ಅವರ ಕಾರು ಗದ್ದೆ ಬದುವಿನ ಹತ್ತಿರ ಹೂತು ಕೂತಿತ್ತು. ಅದನ್ನು ಎಳೆದು ರಸ್ತೆಗೆ ತಂದು ಬಿಟ್ಟದ್ದು ನಮ್ಮ 'ಹಾಳಾದ' ಡೀಸೆಲ್ ಎಂಜಿನ್ನೇ. ನಾನೇನೂ ಹೇಳಲಿಲ್ಲ ಬಿಡಿ. ಅಣ್ಣ ಸುಮ್ಮನಿರಬೇಕಲ್ಲ, "ಒರಿಜಿನಲ್ ಅಲ್ಲ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದೇಬಿಟ್ಟ!

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಲ್ಯಾಂಬ್ರೆಟ್ಟಾನೋ, ಹಳೇ ಬುಲೆಟ್ಟೋ, ಅಜ್ಜಿಯ ಹೊಲಿಗೆ ಮಿಷನ್ನೋ. ಅದನ್ನು ಯಾವ ಕಾಲಕ್ಕೆ ಸರಿ ಮಾಡಿದಿರಿ, ಅಥವಾ ಮಾಡಬೇಕು ಅಂತಿದ್ದೀರಿ? ಪುರುಸೊತ್ತಾದಾಗ ಬರೆಯಿರಿ.